ಮಾನಿಟರ್ ಕೊಳ್ಳುವ ಮುನ್ನ ‘ಸ್ತ್ರೀ’ ಎಂದು ಬರೆದು ನೋಡಿ

ಮಿಕ್ಸಿ ಕೊಳ್ಳಲು ನಾಲ್ಕು ಅಂಗಡಿ ಹತ್ತಿ ಇಳಿಯುವ ನಾವು, ಕಂಪ್ಯೂಟರ್ ಮಾನಿಟರ್ ವಿಷಯ ಬಂದಾಗ ಮಾತ್ರ ‘ಅದೆಲ್ಲ ಅವರಿಗೇ ಗೊತ್ತು’ ಅಂತ ಗಂಡನಿಗೋ ಮಗನಿಗೋ ಬಿಟ್ಟುಬಿಡುತ್ತೇವೆ. ದಿನಾ ಅದರ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂರುವವರು ಯಾರು ಅಂತ ಯಾರೂ ಕೇಳೋದಿಲ್ಲ. ೨೦೨೦ರ ಲಾಕ್‌ಡೌನ್‌ನಲ್ಲಿ ಮನೆಯೇ ಆಫೀಸು, ಮನೆಯೇ ಶಾಲೆ ಆಯಿತು. ಸಕಲೇಶಪುರ ತಾಲ್ಲೂಕಿನ ನಮ್ಮ ಯಸಳೂರು ಕಡೆ ತೋಟದ ಮನೆಗಳಲ್ಲೂ ಆಳಿನ ಲೆಕ್ಕ, ಬಟವಾಡೆ ಪಟ್ಟಿ ಈಗ ಕಂಪ್ಯೂಟರಿಗೆ ಬಂದಿವೆ. ಎಷ್ಟೋ ಮನೆಗಳಲ್ಲಿ ಅದನ್ನು ನೋಡಿಕೊಳ್ಳುವವಳು ಗೃಹಿಣಿಯೇ. ಹಾಗಿದ್ದ ಮೇಲೆ ಆರಿಸುವ ಹಕ್ಕೂ ಅವಳದೇ ಅಂತ ನನ್ನ ವಾದ.

ಮೊದಲ ಮೋಸ ಇಂಚಿನದು. ‘ಅದೇ ದುಡ್ಡಿಗೆ ೩೨ ಇಂಚಿನ ಟಿವಿ ಬರುತ್ತೆ, ಎರಡಕ್ಕೂ ಆಗುತ್ತೆ’ ಅನ್ನುವವರು ಎಲ್ಲ ಮನೆಯಲ್ಲೂ ಇದ್ದಾರೆ. ನಮ್ಮ ವಾರಗಿತ್ತಿ ಮನೆಯಲ್ಲಿ ಹಾಗೇ ತಂದರು. ಧಾರಾವಾಹಿ ಚೆಂದ ಕಾಣುತ್ತೆ, ಲೆಕ್ಕದ ಪಟ್ಟಿಯಲ್ಲಿ ಮೂರು ಯಾವುದು ಎಂಟು ಯಾವುದು ತಿಳಿಯೋಲ್ಲ. ಕಾರಣ ಸರಳ. ಪರದೆಯ ಚಿತ್ರವೆಲ್ಲ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಆದದ್ದು, ಒಂಥರಾ ರಂಗೋಲಿ. ‘ಎಚ್‌ಡಿ ರೆಡಿ’ ಎನ್ನುವ ೩೨ ಇಂಚಿನ ಟಿವಿಯಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ ೧೩೬೬, ಉದ್ದಕ್ಕೆ ೭೬೮ ಚುಕ್ಕಿ. ಅಂದರೆ ಒಂದು ಇಂಚಿಗೆ ೪೯ರಷ್ಟು. ೨೪ ಇಂಚಿನ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ೧೯೨೦ ಮತ್ತು ೧೦೮೦, ಇಂಚಿಗೆ ೯೨. ಹತ್ತಡಿ ದೂರದಿಂದ ನೋಡುವ ಟಿವಿಗೆ ಅದು ಸಾಕು, ಒಂದು ತೋಳಿನ ಅಂತರದಲ್ಲಿ ಕೂತು ಓದುವವರಿಗೆ ಸಾಲದು.

ಕನ್ನಡ ಓದುವವರಿಗಂತೂ ಇದು ಇನ್ನೂ ಮುಖ್ಯ. ‘ಸ್ತ್ರೀ’ ಅಕ್ಷರವನ್ನೇ ನೋಡಿ. ಸಕಾರದ ಕೆಳಗೆ ತಕಾರದ ಒತ್ತು, ಅದಕ್ಕೊಂದು ರಕಾರ, ಜೊತೆಗೆ ದೀರ್ಘ. ಇಂಗ್ಲಿಷಿನ ಒಂದು ಅಕ್ಷರದ ಜಾಗದಲ್ಲಿ ಇಷ್ಟೆಲ್ಲ ಹಿಡಿಸಬೇಕು. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು ಅಷ್ಟೇ. ಚುಕ್ಕಿ ಕಡಿಮೆಯಾದರೆ ಮೊದಲು ಮಾಯವಾಗುವುದು ಈ ಸೀಳುಗಳೇ. ಆದ್ದರಿಂದ ಅಂಗಡಿಯಲ್ಲಿ ಅವರು ಹಾಕಿ ತೋರಿಸುವ ಹೂವು, ಜಲಪಾತದ ವಿಡಿಯೊ ಬೇಡ ಅನ್ನಿ. ಒಂದು ಕನ್ನಡ ಪುಟ ತೆಗೆಸಿ ಓದಿ. ಅಂಗಡಿಯವನು ನಕ್ಕರೆ ನಗಲಿ.

ನನ್ನ ಲೆಕ್ಕದಲ್ಲಿ ಹೆಚ್ಚಿನ ಮನೆಗಳಿಗೆ ೨೪ ಇಂಚಿನ ಫುಲ್ ಎಚ್‌ಡಿ, ಐಪಿಎಸ್ ಪರದೆಯ ಮಾನಿಟರ್ ಸಾಕು. ಐಪಿಎಸ್ ಆದರೆ ಪಕ್ಕದಲ್ಲಿ ಕೂತ ಮಗುವಿಗೂ ಬಣ್ಣ ಮಾಸಿದಂತೆ ಕಾಣೋದಿಲ್ಲ. ಹತ್ತು ಸಾವಿರದ ಆಸುಪಾಸಿನಲ್ಲಿ ಒಳ್ಳೆಯದೇ ಸಿಗುತ್ತದೆ. ದಿನಕ್ಕೆ ಐದಾರು ಗಂಟೆ ಟೈಪಿಂಗ್, ತಿದ್ದುಪಡಿ ಇದ್ದವರು ೨೭ ಇಂಚಿನ ೨೫೬೦×೧೪೪೦ರದ್ದಕ್ಕೆ ಹೋಗಬಹುದು, ಇಂಚಿಗೆ ೧೦೯ ಚುಕ್ಕಿ. ಆದರೆ ೨೭ ಇಂಚಿನಲ್ಲೇ ಬರೀ ಫುಲ್ ಎಚ್‌ಡಿ ಕೊಟ್ಟರೆ ಬೇಡ, ಅದರಲ್ಲಿ ೮೨ಕ್ಕೆ ಇಳಿಯುತ್ತದೆ. ೪ಕೆ ಆಸೆ ಇದ್ದವರು ಮೊದಲು ನಿಮ್ಮ ಲ್ಯಾಪ್‌ಟಾಪ್ ಅದನ್ನು ಎಳೆಯುತ್ತದೆಯೇ ವಿಚಾರಿಸಿ. ಹಳೆಯ ಎಚ್‌ಡಿಎಂಐ ಕಿಂಡಿಯಲ್ಲಿ ೪ಕೆ ಚಿತ್ರ ಸೆಕೆಂಡಿಗೆ ೩೦ ಸಲ ಮಾತ್ರ ಬದಲಾಗುತ್ತದೆ, ಮೌಸ್ ತೆವಳಿದಂತೆ ಕಾಣುತ್ತದೆ.

ಅಕ್ಷರ ಸಣ್ಣದಾಯಿತು ಅಂತ ಎಷ್ಟೋ ಜನ ರೆಸಲ್ಯೂಷನ್ನನ್ನೇ ಇಳಿಸುತ್ತಾರೆ. ಆಗ ಎಲ್ಲ ಮಂಜುಮಂಜು. ರೆಸಲ್ಯೂಷನ್ ಹಾಗೇ ಬಿಟ್ಟು, ವಿಂಡೋಸ್ ಸೆಟ್ಟಿಂಗ್‌ನ ‘ಸ್ಕೇಲ್’ ಅನ್ನು ೧೨೫ಕ್ಕೆ ಏರಿಸಿ. ದುಡ್ಡು ಖರ್ಚಿಲ್ಲದ ಉಪಾಯ. ಹಳೆಯ ನೀಲಿ ಬಣ್ಣದ ವಿಜಿಎ ಕೇಬಲ್ಲಿಗೂ ರಜೆ ಕೊಡಿ.

ನಮ್ಮಂಥ ಮಲೆನಾಡಿನವರಿಗೆ ಎರಡು ಮಾತು ಹೆಚ್ಚು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ೨೪ ಇಂಚಿನ ಎಲ್‌ಇಡಿ ಮಾನಿಟರ್ ಸುಮಾರು ೨೦ರಿಂದ ೨೫ ವ್ಯಾಟ್‌ನಷ್ಟೇ ಎಳೆಯುವುದರಿಂದ ಇನ್ವರ್ಟರ್‌ಗೆ ಭಾರವಿಲ್ಲ. ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಥಂಡಿಗೆ ಹೆದರಿ ಪ್ಲಾಸ್ಟಿಕ್ ಕವರ್ ಬಿಗಿಯಬೇಡಿ, ಒಳಗೇ ತೇವ ನಿಲ್ಲುತ್ತದೆ. ಹಳೆಯ ಕಾಟನ್ ಸೀರೆಯ ತುಂಡೇ ಸಾಕು.

ಬಿಲ್ ಮಾಡಿಸುವ ಮೊದಲು ವಾರಂಟಿಯಲ್ಲಿ ಮೆಕ್ಯಾನಿಕ್ ಮನೆಗೆ ಬರುತ್ತಾನೋ, ನಾವೇ ಹೊತ್ತುಕೊಂಡು ಹಾಸನಕ್ಕೋ ಬೆಂಗಳೂರಿಗೋ ಹೋಗಬೇಕೋ ಕೇಳಿ, ನಿಮ್ಮ ಪಿನ್‌ಕೋಡ್ ಹೇಳಿಯೇ ಕೇಳಿ. ಎಷ್ಟು ಚುಕ್ಕಿ ಸತ್ತಿದ್ದರೆ ಬದಲಾಯಿಸಿ ಕೊಡುತ್ತಾರೆ ಎನ್ನುವುದನ್ನೂ ಬರೆಸಿಕೊಳ್ಳಿ. ಡಬ್ಬವನ್ನು ಅಟ್ಟದ ಮೇಲೆ ಜೋಪಾನವಾಗಿಡಿ, ವಾಪಸ್ ಕಳಿಸುವ ಪ್ರಸಂಗ ಬಂದರೆ ಅದೇ ಬೇಕಾಗುತ್ತದೆ.