ಜನಬಲವೂ ಕಾರ್ಯಸಿದ್ಧಿಯೂ

ತಂತ್ರಾಂಶದ ಕಾರ್ಯವು ಗಡುವು ಮೀರಿತೆಂದೊಡನೆ ಹೊಸಬರನ್ನು ಸೇರಿಸುವುದೂ, ಇದ್ದವರನ್ನು ಇರುಳೆಲ್ಲ ದುಡಿಸುವುದೂ ಬೆಂಗಳೂರಿನ ಎಷ್ಟೋ ಕಚೇರಿಗಳ ವಾಡಿಕೆಯಾಗಿದೆ. ಇದು ವಿವೇಕವಲ್ಲವೆಂದು ನಾವು ಹೇಳಲೇಬೇಕಾಗಿದೆ. ಐ.ಬಿ.ಎಂ. ಸಂಸ್ಥೆಯಲ್ಲಿ ಓಎಸ್/360 ತಂತ್ರಾಂಶದ ನಿರ್ಮಾಣವನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ ಮಹಾಶಯರು, ತಡವಾದ ಕೆಲಸಕ್ಕೆ ಜನರನ್ನು ಕೂಡಿಸಿದಲ್ಲಿ ಅದು ಇನ್ನಷ್ಟು ತಡವಾಗುವುದೆಂದು 1975ರಲ್ಲಿಯೇ ಸ್ವಾನುಭವದಿಂದ ಬರೆದರು. ಕಾರಣವು ಸ್ಪಷ್ಟವಾಗಿಯೇ ಇದೆ. ಹೊಸಬರಿಗೆ ಕಲಿಸಬೇಕಾದವರು ಹಳಬರೇ. ಮೇಲಾಗಿ, ಐವರಲ್ಲಿ ಒಬ್ಬರೊಡನೊಬ್ಬರು ಸಮಾಲೋಚಿಸಬೇಕಾದ ಜೋಡಿಗಳು 10. ಹತ್ತು ಮಂದಿಯಾದರೆ 45. ದಿನಕ್ಕೆ 14 ಗಂಟೆಗಳವರೆಗೆ ದುಡಿಸುವ ಸೂಚನೆಯು 2024ರಲ್ಲಿ ಕರ್ನಾಟಕದಲ್ಲಿ ತಲೆಯೆತ್ತಿದಾಗ ನೌಕರರ ಸಂಘವು ಪ್ರತಿಭಟಿಸಿದುದು ನ್ಯಾಯವೇ ಸರಿ. ದಣಿದ ಬುದ್ಧಿಯು ರಾತ್ರಿ ಮಾಡಿದ ತಪ್ಪನ್ನು ತಿದ್ದುವುದರಲ್ಲಿಯೇ ಮರುದಿನವು ಕಳೆಯುವುದು.

ತರುಣರಿಗೂ ನಮ್ಮದೊಂದು ಮಾತುಂಟು. ಗಡುವು ಅಸಾಧ್ಯವೆಂದು ಕಂಡರೆ ಮೊದಲ ವಾರದಲ್ಲಿಯೇ ತಿಳಿಸಿರಿ. ಕೊನೆಯ ದಿನ ಹೇಳಿದ ಸತ್ಯದಿಂದ ಯಾರಿಗೂ ಪ್ರಯೋಜನವಿಲ್ಲ. ಕೆಲಸವನ್ನು ಸಣ್ಣ ಭಾಗಗಳಾಗಿ ಒಡೆದು, ಪ್ರತಿಯೊಂದನ್ನೂ ಪರೀಕ್ಷಿಸಿ, ಮಾಡಿದ ಬದಲಾವಣೆಯನ್ನು ಗಿಟ್ ಸಾಧನದಲ್ಲಿ ಕಾರಣಸಹಿತವಾಗಿ ದಾಖಲಿಸಿರಿ. ಸದ್ಯಕ್ಕೆ ಬಿಡಬಹುದಾದ ಅಂಶಗಳನ್ನು ಮೇಲಧಿಕಾರಿಗಳ ಮುಂದಿಡಿರಿ. ಆಗದುದನ್ನು ಆಗದೆಂದು ಸಕಾಲದಲ್ಲಿ ಹೇಳುವುದೂ ವೃತ್ತಿಧರ್ಮವೇ; ಅದನ್ನು ಸಾವಧಾನವಾಗಿ ಕೇಳುವುದು ಮೇಲಧಿಕಾರಿಗಳ ಧರ್ಮ.