ಘಟ್ಟ ಇಳಿದ ಮೇಲೂ ನಡೆಯಬೇಕಾದ ದಾರಿ

ಚಾರಣ ಎಂಬ ಮಾತು ಬಂದೊಡನೆ ನಮ್ಮೆಲ್ಲರ ದೃಷ್ಟಿ ಮೇಲಕ್ಕೆ ಹೋಗುತ್ತದೆ. ಕುದುರೆಮುಖ, ನರಸಿಂಹ ಪರ್ವತ, ನೇತ್ರಾವತಿ ಶಿಖರ, ಕೊಡಚಾದ್ರಿ: ಏರುವುದಕ್ಕೆ ಒಂದು ತುದಿ ಇದ್ದರೆ ಮಾತ್ರ ಅದು ಚಾರಣ ಎಂಬ ಭಾವನೆ ಬಲವಾಗಿ ಬೇರೂರಿದೆ. ಕುದುರೆಮುಖ, ನೇತ್ರಾವತಿ ಶಿಖರಗಳಿಗೆ ದಿನಕ್ಕೆ ಇಷ್ಟೇ ಮಂದಿ ಎಂದು ಅರಣ್ಯ ಇಲಾಖೆ ಮಿತಿ ವಿಧಿಸಬೇಕಾಗಿ ಬಂದಿದೆ. ಅದೇ ಘಟ್ಟದ ಬುಡದಿಂದ ಕಡಲಿನವರೆಗೆ, ಹೆಚ್ಚೆಂದರೆ ನಲವತ್ತು ಐವತ್ತು ಕಿಲೋಮೀಟರುಗಳಷ್ಟು ಹರಡಿರುವ ಹೊಳೆ, ಬೈಲು, ಮರಳುದಿಣ್ಣೆಗಳ ನಾಡಿನಲ್ಲಿ ನಡೆಯಲೆಂದೇ ಬರುವವರು ವಿರಳ. ಕಾರ್ಕಳದಿಂದ ಮಣಿಪಾಲಕ್ಕೆ, ಉಡುಪಿಯಿಂದ ಕಾಪುವಿಗೆ ನಾವು ವಾಹನಗಳಲ್ಲಿ ಹಾದುಹೋಗುತ್ತೇವೆ. ಹಾದುಹೋಗುವವನಿಗೆ ಸೇತುವೆ ಕಾಣುತ್ತದೆ, ಸೇತುವೆಯ ಕೆಳಗಿನ ಹೊಳೆ ಕಾಣುವುದಿಲ್ಲ.

ಇದು ಅಭಿರುಚಿಯ ಪ್ರಶ್ನೆಯಾಗಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ನಡೆಯುವವರಿಲ್ಲದ ಭೂಮಿಗೆ ಸಾಕ್ಷಿಗಳಿರುವುದಿಲ್ಲ, ಸಾಕ್ಷಿಯಿಲ್ಲದ ಭೂಮಿಯನ್ನು ಕಳೆದುಕೊಳ್ಳುವುದು ಸುಲಭ ಎಂಬುದು ನನ್ನ ವಾದ.

ನಮ್ಮ ಚಳವಳಿಯ ಚರಿತ್ರೆಯೇ ಇದಕ್ಕೆ ಆಧಾರ. 1987ರ ನವೆಂಬರಿನಲ್ಲಿ ಆರಂಭವಾಗಿ 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಮುಗಿದ ‘ಪಶ್ಚಿಮ ಘಟ್ಟ ಉಳಿಸಿ’ ಪಾದಯಾತ್ರೆಯನ್ನು ನೆನಪಿಸಿಕೊಳ್ಳಿ. ಒಂದು ತಂಡ ಉತ್ತರದಿಂದಲೂ ಮತ್ತೊಂದು ತಂಡ ಕನ್ಯಾಕುಮಾರಿಯಿಂದಲೂ ಹೊರಟು ಸುಮಾರು ನೂರು ದಿನ ನಡೆದವು. ಸಹ್ಯಾದ್ರಿ ಒಂದೇ ಜೀವಂತ ಶ್ರೇಣಿ ಎಂಬ ಅರಿವು ಜನರಲ್ಲಿ ಮೂಡಲು ಆ ಹೆಜ್ಜೆಗಳು ನೆರವಾದವು. ಕುದುರೆಮುಖದ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ನಿಂತದ್ದರ ಹಿಂದೆಯೂ ಆ ಕಾಡನ್ನು ಕಾಲಿಂದ ಬಲ್ಲವರ ದೀರ್ಘ ಹೋರಾಟವಿತ್ತು. ಘಟ್ಟಕ್ಕೆ ದೊರೆತ ಈ ಕಾವಲು ಘಟ್ಟದ ಹೊಳೆಗಳು ಬಯಲಿಗಿಳಿದ ಮೇಲೆ ಅವುಗಳಿಗೆ ದೊರೆತಿಲ್ಲ.

ಸ್ವರ್ಣೆಯನ್ನೇ ನೋಡೋಣ. ಕಾರ್ಕಳ ತಾಲ್ಲೂಕಿನ ಮಾಳದ ಕಡೆಯ ಘಟ್ಟದಿಂದ ಇಳಿದು ಬರುವ ಈ ಹೊಳೆ ಎಣ್ಣೆಹೊಳೆ, ಹಿರಿಯಡ್ಕಗಳ ಬಳಿ ಹಾದು, ಮಣಿಪಾಲದ ಮುರಕಲ್ಲಿನ ಎತ್ತರದ ಕೆಳಗೆ ಬಾಗಿ, ಕಲ್ಯಾಣಪುರ, ಕೆಮ್ಮಣ್ಣುಗಳನ್ನು ದಾಟಿ ಕೋಡಿ ಬೆಂಗ್ರೆಯಲ್ಲಿ ಸೀತಾನದಿಯೊಡನೆ ಕಡಲನ್ನು ಸೇರುತ್ತದೆ. ಆಗುಂಬೆಯ ಬಳಿಯ ನರಸಿಂಹ ಪರ್ವತದಲ್ಲಿ ಹುಟ್ಟಿದ ಸೀತೆಯನ್ನು ಕೂಡ್ಲು ತೀರ್ಥದ ಜಲಪಾತದಲ್ಲಿ ಕಂಡು ಬೆರಗಾಗುವವರು ಸಾವಿರಾರು. ಆದರೆ ಅದೇ ನೀರು ಬಾರಕೂರಿನ ಆಚೆ ಕುದ್ರುಗಳ ನಡುವೆ ಮಂದವಾಗಿ ಹರಿಯುವಾಗ ಅದನ್ನು ವಿಚಾರಿಸುವವರು ದೋಣಿಯವರು ಮತ್ತು ಚಿಪ್ಪು ಹೆಕ್ಕುವವರು ಮಾತ್ರ.

ಸಮತಟ್ಟಾದ ಈ ದಾರಿಯಲ್ಲಿ ನೋಡಲು ಏನಿದೆ ಎಂದು ಕೇಳುವವರುಂಟು. ಮೊದಲಿಗೆ, ಮರಳಿದೆ. ಮಣ್ಣನ್ನು ಅಭ್ಯಾಸ ಮಾಡಿದವನಾಗಿ ಹೇಳುವುದಾದರೆ, ಹೊಳೆಯ ಮರಳು ಕಟ್ಟಡದ ಸಾಮಗ್ರಿಯಾಗುವುದಕ್ಕೆ ಮೊದಲು ನೀರಿನ ಕಣಜ. ಒಂದು ಘನ ಮೀಟರ್ ಮರಳಿನ ಕಣಗಳ ನಡುವಣ ಅವಕಾಶದಲ್ಲಿ ಸುಮಾರು 300 ಲೀಟರ್ ನೀರು ತುಂಬಿಕೊಳ್ಳಬಲ್ಲದು. ಮೇಲಿನ ಹರಿವು ನಿಂತ ಮೇಲೂ ಈ ನೀರು ದಡದ ಬಾವಿಗಳಿಗೆ, ತೋಟಗಳಿಗೆ ಮೆಲ್ಲನೆ ಒಸರುತ್ತದೆ. ಮರಳನ್ನು ಬಗೆದು ತಳದ ಜೇಡಿ ಅಥವಾ ಬಂಡೆಯನ್ನು ಬಯಲು ಮಾಡಿದರೆ ಹೊಳೆಯ ಪಾತ್ರ ತಗ್ಗುತ್ತದೆ, ಅದರೊಂದಿಗೆ ಎರಡೂ ದಡಗಳ ಅಂತರ್ಜಲವೂ ತಗ್ಗುತ್ತದೆ. ಅಳಿವೆಯ ಸಮೀಪದಲ್ಲಾದರೆ ತಗ್ಗಿದ ಪಾತ್ರದೊಳಕ್ಕೆ ಉಬ್ಬರದ ಉಪ್ಪುನೀರು ಇನ್ನಷ್ಟು ದೂರ ನುಗ್ಗುತ್ತದೆ.

ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 2019ರ ಮೇ ತಿಂಗಳಲ್ಲಿ, ಉಡುಪಿ ಮತ್ತು ಮಣಿಪಾಲಕ್ಕೆ ನೀರುಣಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬರಿದಾಯಿತು. ಹೊಳೆಯ ಹೊಂಡಗಳಲ್ಲಿ ಉಳಿದಿದ್ದ ನೀರನ್ನು ಪಂಪು ಮಾಡಿ ಅಣೆಕಟ್ಟಿಗೆ ಹರಿಸಬೇಕಾಯಿತು. 2020ರ ಸೆಪ್ಟೆಂಬರ್ 20ರಂದು ಅದೇ ಹೊಳೆ ಉಕ್ಕಿ ಹರಿದು ಉಡುಪಿಯ ತಗ್ಗು ಪ್ರದೇಶಗಳು ಜಲಾವೃತವಾದವು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಹದಿನಾರು ತಿಂಗಳ ಅಂತರದಲ್ಲಿ ಬರವನ್ನೂ ನೆರೆಯನ್ನೂ ಕಂಡೆವು. ಕೊರತೆಯ ಮಳೆ, ಅತಿಯಾದ ಮಳೆ ಎರಡೂ ನಿಜ. ಆದರೆ ಬಂದ ಮಳೆಯನ್ನು ತಡೆದು ನಿಲ್ಲಿಸುತ್ತಿದ್ದ ವ್ಯವಸ್ಥೆ ಕ್ಷೀಣಿಸಿರುವುದೂ ಅಷ್ಟೇ ನಿಜ. ಮಳೆಗಾಲ ಮುಗಿದ ಮೇಲೆ ರೈತರು ಕೂಡಿ ತೋಡುಗಳಿಗೆ ಅಡ್ಡಲಾಗಿ ಹಾಕುತ್ತಿದ್ದ ಮಣ್ಣಿನ ಕಟ್ಟಗಳು ಅಪರೂಪವಾಗಿವೆ. ಕಿಂಡಿ ಅಣೆಕಟ್ಟುಗಳಿದ್ದರೂ ಸಕಾಲದಲ್ಲಿ ಹಲಗೆ ಹಾಕುವವರಿಲ್ಲದಿದ್ದರೆ ಅವು ಬರಿಯ ಕಾಲುಸೇತುವೆಗಳಾಗಿ ಉಳಿಯುತ್ತವೆ. ಮಜಲು, ಬೈಲುಗಳ ಗದ್ದೆಗಳು ನೇಗಿಲು ಕಾಣದೆ ಹಡಿಲು ಬಿದ್ದಿವೆ. ಇವಾವುವೂ ಹೆದ್ದಾರಿಯಿಂದ ಕಾಣಿಸುವುದಿಲ್ಲ. ಹೊಳೆಯ ದಂಡೆ ಹಿಡಿದು ಒಂದು ದಿನ ನಡೆದವನಿಗೆ ಇವೆಲ್ಲವೂ ಕಾಣುತ್ತವೆ.

ಇನ್ನು ಕಡಲಂಚಿನ ದಾರಿ. 1901ರಲ್ಲಿ ನಿರ್ಮಾಣವಾದ ಕಾಪುವಿನ ದೀಪಸ್ತಂಭದಿಂದ ಉತ್ತರಕ್ಕೆ ಮಟ್ಟು, ಪಡುಕೆರೆಗಳ ಮೂಲಕ ಮಲ್ಪೆಯವರೆಗೆ ಸುಮಾರು ಹದಿನೈದು ಕಿಲೋಮೀಟರು. ಮಟ್ಟುವಿನಿಂದ ಮುಂದೆ ಎಡಕ್ಕೆ ಕಡಲು, ಬಲಕ್ಕೆ ಕಡಲಿಗೆ ಸಮಾನಾಂತರವಾಗಿ ಹರಿಯುವ ಉದ್ಯಾವರ ಹೊಳೆ, ನಡುವೆ ಮರಳಿನ ಒಂದು ಕಿರಿದಾದ ಪಟ್ಟಿ. ಇಂಥ ಮರಳಿನಲ್ಲಿ ಮಳೆಯ ಸಿಹಿನೀರು ಒಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆಂಬುದು ಭೂಜಲ ವಿಜ್ಞಾನದ ಸರಳ ಲೆಕ್ಕ. ಮೇಲಿನ ಒಂದಡಿಯನ್ನು ಎತ್ತಿ ಖಾಲಿ ಮಾಡಿದರೆ ಕೆಳಗಿನ ನಲವತ್ತು ಅಡಿಯೂ ಕ್ರಮೇಣ ಉಪ್ಪಾಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮಟ್ಟುಗುಳ್ಳ ಬೆಳೆಯುವುದು ಇಂಥ ನೆಲದಲ್ಲಿ. ಬದನೆಯ ಹೆಸರಿಗೆ ರಕ್ಷಣೆ ಸಿಕ್ಕಿತು, ಅದರ ಬೇರಿಗೆ ತಲುಪುವ ನೀರಿಗೆ ಯಾವ ಮಾನ್ಯತೆ ಇದೆ?

ಈ ದಾರಿಯುದ್ದಕ್ಕೂ ಸಿಗುವ ಗಾಳಿಮರದ ತೋಪುಗಳನ್ನೂ ಗಮನಿಸಿ ನಡೆಯಬೇಕು. ಅದು ನಮ್ಮ ಕರಾವಳಿಯ ಮರವಲ್ಲ, ಹತ್ತೊಂಬತ್ತನೆಯ ಶತಮಾನದಲ್ಲಿ ಕಾರವಾರದ ಕಡೆ ತಂದು ನೆಟ್ಟದ್ದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹಿಡಿದು ಬರಡು ಮರಳಿನಲ್ಲೂ ಬೆಳೆಯುವ ಅದರ ಶಕ್ತಿ ಮೆಚ್ಚತಕ್ಕದ್ದೇ. ಆದರೆ ಅದರ ತರಗಿನ ದಪ್ಪ ಹಾಸಿನಡಿಯಲ್ಲಿ ಬೇರೆ ಸಸ್ಯ ಏಳುವುದು ಕಷ್ಟ. ಕೇದಗೆ, ಸುರಹೊನ್ನೆ, ಹೊಂಗೆ, ಮರಳನ್ನು ಬಲೆಯಂತೆ ಹಿಡಿದಿಡುವ ನೆಲಬಳ್ಳಿಗಳು ಸೇರಿದ ಹಳೆಯ ಕಡಲಂಚಿನ ಕಾಡು ಎಲ್ಲಿ ತುಸು ಉಳಿದಿದೆಯೋ ಅಲ್ಲಿ ದಿಣ್ಣೆಯೂ ಉಳಿದಿದೆ. ಅದು ಹೋದೆಡೆ ಕಲ್ಲಿನ ತಡೆಗೋಡೆ ಬರುತ್ತದೆ, ಒಂದೆಡೆ ಗೋಡೆ ಬಂದರೆ ಪಕ್ಕದ ದಂಡೆ ಕೊರೆಯುತ್ತದೆ. ಘಟ್ಟದಿಂದ ಹೊಳೆ ಹೊತ್ತು ತರುವ ಮರಳೇ ದಂಡೆಗೆ ಆಹಾರ. ಅದನ್ನು ದಾರಿಯಲ್ಲೇ ಲಾರಿಗೆ ತುಂಬಿ, ಕಡಲಬದಿಯಲ್ಲಿ ಕಲ್ಲು ಸುರಿಯುವುದು ಎಂಥ ವಿವೇಕ?

ಸಮತಟ್ಟಾದ ಮರಳುನಾಡನ್ನು ನಡೆದು ನೋಡುವ ಸಂಪ್ರದಾಯ ಜರ್ಮನಿಯಲ್ಲಿ ಗಟ್ಟಿಯಾಗಿದೆ. ಬರ್ಲಿನ್ ನಗರವನ್ನು ಸುತ್ತುವರಿದ ಬ್ರಾಂಡೆನ್‌ಬುರ್ಗ್ ಪ್ರಾಂತ್ಯದಲ್ಲಿ ಆಲ್ಪ್ಸ್ ಇಲ್ಲ. ಮರಳು, ಪೈನ್ ಮರ, ನಿಧಾನವಾಗಿ ಹರಿಯುವ ಹೊಳೆಗಳು ಇವೆ. ಹಿಂದೆ ಅದನ್ನು ಸಾಮ್ರಾಜ್ಯದ ಮರಳುಡಬ್ಬಿ ಎಂದು ಹಂಗಿಸುತ್ತಿದ್ದರು. ಲೇಖಕ ಥಿಯೊಡೋರ್ ಫೊಂಟಾನೆ ಆ ನಾಡನ್ನು ಸುತ್ತಾಡಿ 1862ರಿಂದ 1889ರ ನಡುವೆ ಐದು ಸಂಪುಟಗಳನ್ನು ಹೊರತಂದ, ಹಂಗಿಸಿಕೊಂಡ ನಾಡು ಜನರ ಕಣ್ಣಿಗೆ ಬಿತ್ತು. 1975ರ ಜರ್ಮನ್ ಅರಣ್ಯ ಕಾನೂನು, ವಿಹಾರಕ್ಕಾಗಿ ಕಾಡಿನೊಳಗೆ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ, ಕಾಡು ಖಾಸಗಿಯದಾದರೂ ಸರಿ. ಅಲ್ಲಿ ಎಲ್ಲವೂ ಸರಿಯಿದೆ ಎಂದು ಇದರ ಅರ್ಥವಲ್ಲ. ಒಂದೇ ಜಾತಿಯ ಪೈನ್ ತೋಪುಗಳು 2018ರ ಬೇಸಿಗೆಯಲ್ಲಿ ಹೊತ್ತಿ ಉರಿದವು, ಈಗ ಅಗಲ ಎಲೆಯ ಮರಗಳನ್ನು ಬೆರೆಸಿ ಕಾಡನ್ನು ಮತ್ತೆ ಕಟ್ಟುವ ಯತ್ನ ನಡೆದಿದೆ. ನಾವು ಗಮನಿಸಬೇಕಾದದ್ದು ಇಷ್ಟು: ಶಿಖರವಿಲ್ಲದ ನಾಡಿಗೂ ನಡಿಗೆಯಿಂದ ಗೌರವ ಬರುತ್ತದೆ, ಕಾಲುದಾರಿಗೂ ಕಾನೂನಿನ ಆಸರೆ ಸಾಧ್ಯ.

ನಮ್ಮಲ್ಲಿ ಆಸರೆಯೇ ಇಲ್ಲವೆಂದಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿ, ಸೇತುವೆಗಳು ಮತ್ತು ಹೊಳೆ, ಹಳ್ಳ, ಕೆರೆಗಳ ಪಾತ್ರಗಳು ಸರ್ಕಾರದ ಸ್ವತ್ತು. ಹಳೆಯ ಗ್ರಾಮನಕ್ಷೆಗಳಲ್ಲಿ ಚುಕ್ಕಿಗೆರೆಯ ಕಾಲುದಾರಿಗಳಿವೆ. ನೆಲದ ಮೇಲೆ ಅವೇ ದಾರಿಗಳಿಗೆ ಬೇಲಿ, ಗೇಟು, ಆವರಣಗೋಡೆಗಳು ಅಡ್ಡ ಬಂದಿವೆ. ಸೇತುವೆ ಬಂದಲ್ಲಿ ಕಡವು ನಿಂತಿತು, ಕಡವು ನಿಂತಲ್ಲಿ ಅದಕ್ಕೆ ಹೋಗುವ ದಾರಿಯೂ ಮುಚ್ಚಿತು. ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆ ಉಬ್ಬರವಿಳಿತದ ಹೊಳೆಗಳ ದಡದಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಕಡಿಮೆಯಾದುದನ್ನು ನಿಯಂತ್ರಣಕ್ಕೆ ಒಳಪಡಿಸಿತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50ಕ್ಕೆ ಇಳಿಸಿತು. ಕಾಗದದ ಮೇಲೆ ದಡ ಕಿರಿದಾಗುತ್ತಿರುವಾಗ ನೆಲದ ಮೇಲಿನ ದಡದಲ್ಲಿ ಜನರ ಓಡಾಟ ಇಲ್ಲವಾಗುತ್ತಿರುವುದು ಕಾಕತಾಳೀಯವಾದರೂ ಅಪಾಯಕಾರಿ.

ನಡೆಯುವವರು ಹೆಚ್ಚಿದರೆ ಅವರ ಹಿಂದೆಯೇ ರೆಸಾರ್ಟು, ಪ್ಲಾಸ್ಟಿಕ್ಕು ಬರುವುದಿಲ್ಲವೇ ಎಂಬ ಆಕ್ಷೇಪ ಸಕಾರಣವಾದದ್ದು. ಕಾಲುದಾರಿಯನ್ನು ಗುರುತಿಸಿದರೆ ನಾಳೆ ಅದು ಕಾಂಕ್ರೀಟು ರಸ್ತೆಯಾದೀತೆಂಬ ಕೃಷಿಕರ ಅಂಜಿಕೆಯೂ ಸುಳ್ಳಲ್ಲ. ಆದ್ದರಿಂದಲೇ ಇದನ್ನು ಪ್ರವಾಸೋದ್ಯಮದ ಕೈಗೆ ಒಪ್ಪಿಸಬಾರದು. ದಾರಿ ಕಾಲುದಾರಿಯಾಗಿಯೇ, ಸಂಕ ಕಾಲುಸಂಕವಾಗಿಯೇ ಉಳಿಯಬೇಕೆಂಬುದು ನಮ್ಮ ಬೇಡಿಕೆಯ ಮೊದಲ ಸಾಲಾಗಿರಬೇಕು. ಗದ್ದೆಯ ಹುಣಿಯ ಮೇಲೆ ನಡೆಯುವಾಗ ಬೆಳೆದವನ ಅನುಮತಿ ಕೇಳುವುದು, ಬುತ್ತಿ ಕಟ್ಟಿಕೊಂಡು ಹೋಗುವುದು, ಹತ್ತು ಹನ್ನೆರಡು ಮಂದಿಗಿಂತ ಹೆಚ್ಚು ಸೇರದಿರುವುದು ಕಷ್ಟದ ಶಿಸ್ತುಗಳೇನಲ್ಲ.

ನನ್ನ ಸಲಹೆ ಹೀಗಿದೆ. ಹೊಳೆ ಇಳಿದಿರುವ, ಬಿಸಿಲು ಇನ್ನೂ ಏರದಿರುವ ಜನವರಿಯಲ್ಲಿ ಪ್ರತಿ ವರ್ಷವೂ ಮಾಳದಿಂದ ಕೋಡಿ ಬೆಂಗ್ರೆಯವರೆಗೆ ಸ್ವರ್ಣೆಯ ಜೊತೆ ನಾಲ್ಕು ದಿನ ನಡೆಯೋಣ. ಕೈಯಲ್ಲಿ ಗ್ರಾಮನಕ್ಷೆ ಇರಲಿ. ಉಳಿದ ದಾರಿ, ಮುಚ್ಚಿದ ದಾರಿ, ಹಲಗೆ ಹಾಕಿದ ಮತ್ತು ಹಾಕದ ಕಿಂಡಿ ಅಣೆಕಟ್ಟು, ಮರಳು ತೆಗೆದ ಹೊಂಡ, ದಡದ ಬಾವಿಯ ನೀರಿನ ಮಟ್ಟ, ಅಳಿವೆಯ ಉಪ್ಪು ಎಲ್ಲಿಯವರೆಗೆ ಏರಿದೆ ಎಂಬುದು: ಇಷ್ಟನ್ನು ಬರೆದುಕೊಳ್ಳೋಣ. ದಡದ ಶಾಲೆಗಳ ಮಕ್ಕಳನ್ನೂ, ಕಡವಿನ ಹಿರಿಯರನ್ನೂ ಜೊತೆಗೆ ಕರೆಯೋಣ. ಆ ಬರಹದ ಪ್ರತಿಯನ್ನು ಆಯಾ ಗ್ರಾಮಸಭೆಯಲ್ಲಿ ಓದಿಸಿ ನಡಾವಳಿಗೆ ಸೇರಿಸೋಣ. ಐದು ವರ್ಷ ಹೀಗೆ ನಡೆದರೆ ಸ್ವರ್ಣೆಯ ಬಗ್ಗೆ ಜನರೇ ಬರೆದ ಒಂದು ದಾಖಲೆ ಸಿದ್ಧವಾಗುತ್ತದೆ. ನ್ಯಾಯಾಲಯಕ್ಕಾಗಲಿ ಜಿಲ್ಲಾಡಳಿತಕ್ಕಾಗಲಿ ಹೋಗುವಾಗ ಬರಿಗೈಯಲ್ಲಿ ಹೋಗಬೇಕಾಗುವುದಿಲ್ಲ.

ಮಲೆನಾಡಿನ ನಾವು ಹೊಳೆಗಳನ್ನು ಹುಟ್ಟಿಸಿ ಕೆಳಗಿನವರಿಗೆ ಕೊಡುತ್ತೇವೆಂದು ಹೇಳಿಕೊಳ್ಳುವುದುಂಟು. ಮಗಳನ್ನು ಕೊಟ್ಟ ಮನೆಗೆ ವರ್ಷಕ್ಕೊಮ್ಮೆಯಾದರೂ ಹೋಗಿ ಬರುವುದು ನಮ್ಮ ನಾಡಿನ ರೂಢಿ. ಹೊಳೆಯ ವಿಷಯದಲ್ಲಿಯೂ ಅದನ್ನು ಪಾಲಿಸೋಣ.