‘ಒಳ್ಳೆಯ’ ಎಂಬ ಮಾತು ಶುಭಸಂದೇಶದಲ್ಲಿಲ್ಲ

ರಸ್ತೆಯಲ್ಲಿ ಗಾಯಗೊಂಡು ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದ ಅಪರಿಚಿತನನ್ನು ‘ಗುಡ್ ಸಮಾರಿಟನ್’ ಎನ್ನುವುದು ಇಂಗ್ಲಿಷಿನ ವಾಡಿಕೆ. ಈಗ ಈ ನುಡಿ ನಮ್ಮ ರಾಜ್ಯದ ಕಾನೂನಿನ ಹೆಸರಿನಲ್ಲಿಯೂ ಸೇರಿದೆ. ಅಪಘಾತದಲ್ಲಿ ನೆರವಾದವರನ್ನು ರಕ್ಷಿಸುವ ಕರ್ನಾಟಕದ 2016ರ ಗುಡ್ ಸಮಾರಿಟನ್ ವಿಧೇಯಕಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಗೂ 134ಎ ಕಲಮು ಸೇರಿತು.

ಈ ನುಡಿಯ ಮೂಲ ಸಂತ ಲೂಕರ ಶುಭಸಂದೇಶದ ಹತ್ತನೆಯ ಅಧ್ಯಾಯ. ಆದರೆ ಅಲ್ಲಿ ‘ಒಳ್ಳೆಯ’ ಎಂಬ ವಿಶೇಷಣವೇ ಇಲ್ಲ. ಅದು ಅನಂತರದವರು ಸೇರಿಸಿದ್ದು. ಯೇಸುಸ್ವಾಮಿಯ ಶ್ರೋತೃಗಳಿಗೆ ‘ಒಳ್ಳೆಯ’, ‘ಸಮಾರಿಯದವ’ ಎಂಬೆರಡು ಪದಗಳು ಜೊತೆಗೂಡುವುದೇ ಅಸಾಧ್ಯವಾಗಿತ್ತು. ಗೆರಿಜಿಮ್ ಬೆಟ್ಟದ ಮೇಲಿದ್ದ ಸಮಾರಿಯದವರ ದೇಗುಲವನ್ನು ಯೆಹೂದಿ ಅರಸನೊಬ್ಬ ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಕೆಡವಿಸಿದ್ದ. ಹಗೆ ಅಷ್ಟು ಹಳೆಯದು. ಕಥೆ ಮುಗಿದ ಮೇಲೆ ಯಾರು ನೆರೆಯವನಾದನೆಂದು ಕೇಳಿದಾಗ, ಧರ್ಮಶಾಸ್ತ್ರಿ ಸಮಾರಿಯದವನೆಂದು ಹೇಳಲಿಲ್ಲ. ದಯೆ ತೋರಿದವನು ಎಂದಷ್ಟೇ ಉತ್ತರಿಸಿದ.

ಮೈಸೂರಿನ ಅಗ್ರಹಾರದಲ್ಲಿ ಈ ಕಥೆಯನ್ನೋದುವಾಗ ಸ್ಥಳನಾಮವೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅಗ್ರಹಾರವೆಂದರೆ ಬ್ರಾಹ್ಮಣರಿಗೆ ದತ್ತಿಯಾಗಿ ಬಿಟ್ಟ ವಸತಿ. ನೆರೆಯವರು ಯಾರಾಗಿರಬೇಕೆಂಬುದು ಅಲ್ಲಿ ಮೊದಲೇ ತೀರ್ಮಾನವಾಗಿರುತ್ತಿತ್ತು. ಇಂದು ಅಗ್ರಹಾರ ವೃತ್ತದ ಜನಜಂಗುಳಿಯಲ್ಲಿ ಆ ಗೆರೆ ಉಳಿದಿಲ್ಲ. ನಮ್ಮ ಮನೆಗಳಲ್ಲಿ ಅಳಿದಿದೆಯೇ? ಬಿದ್ದವನು ನಮ್ಮ ಧರ್ಮಕೇಂದ್ರದವನೆಂದು ತಿಳಿದರೆ ಓಡುವ ಕಾಲು ಬೇರೆ, ತಿಳಿಯದಿದ್ದರೆ ಓಡುವ ಕಾಲು ಬೇರೆ.

“ಪೊಲೀಸು, ಕೋರ್ಟು ಎಂಬ ಉಸಾಬರಿ ನಮಗೇಕೆ?” ಎಂದು ಹಿರಿಯರು ಮಕ್ಕಳಿಗೆ ಹೇಳುವುದುಂಟು. ಆ ಭಯ ಒಂದು ಕಾಲಕ್ಕೆ ನಿರಾಧಾರವೇನೂ ಆಗಿರಲಿಲ್ಲ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ಆ ನಿರ್ಜನ ಹಾದಿಯಲ್ಲಿ ಯಾಜಕನಿಗೂ ಲೇವಿಯನಿಗೂ ಕಳ್ಳರ ಭಯವಿದ್ದಿರಬಹುದು. ಆದರೆ ಈಗ ಕಾನೂನು ನಮ್ಮ ನೆವವನ್ನು ಕಿತ್ತುಕೊಂಡಿದೆ: ಸದುದ್ದೇಶದಿಂದ ನೆರವಾದವನು ಗಾಯಾಳುವಿಗೆ ಒದಗಿದ ಹಾನಿಗೆ ಹೊಣೆಯಲ್ಲ, ತನ್ನ ಹೆಸರು, ವಿಳಾಸ ತಿಳಿಸಬೇಕೆಂಬ ಬಲವಂತವೂ ಇಲ್ಲ. (ಸಾಮತಿಯ ಸಮಾರಿಯದವನಿಗೂ ಹೆಸರಿಲ್ಲವೆಂಬುದನ್ನು ಗಮನಿಸಬೇಕು.)

ಕಾನೂನು ನೆರವಾದವನಿಂದ ಹಣವನ್ನೂ ಅಪೇಕ್ಷಿಸುವುದಿಲ್ಲ. ಆತನಾದರೋ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಚ್ಚಿ, ತನ್ನ ವಾಹನದ ಮೇಲೆ ಕೂರಿಸಿ, ಛತ್ರದವನ ಕೈಗೆ ಎರಡು ದಿನಗಳ ಕೂಲಿಯಷ್ಟು ಹಣವನ್ನಿತ್ತ. ಹೆಚ್ಚು ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದೂ ಹೇಳಿಹೋದ.